ಗಂಟೆ ಎಷ್ಟಾಯ್ತು?

ಮಾರ್ಚ್ ೩

ಹಲ್ಲುಜ್ಜುತ್ತ ಗೇಟಿನಾಚೆ ಬಂದವನು ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟೆ. ನಮ್ಮ ಕಾಂಪೌಂಡು ಗೋಡೆಗೆ ಯಾರೋ ಸುಣ್ಣ ಬಳಿದಿದ್ದಾರೆ. ಗೇಟಿನಿಂದ ಹಿಡಿದು ಕೊಳದ ಮೂಲೆಯವರೆಗೆ, ಅಪ್ಪನ ಕಾಲದ ಪಾಚಿಯೆಲ್ಲ ಮುಚ್ಚಿಹೋಗುವ ಹಾಗೆ. ಮೂಲೆಯಲ್ಲಿ ನೀಲಿ ಬಣ್ಣದ ಪುಟ್ಟ ಕೊಡೆ, ಅದರ ಕೆಳಗೆ 'ಕಾದಿರಿಸಿದೆ' ಎಂಬ ಬರಹ.

ನಮ್ಮ ಕೇರಿ ತಾಲಪುಕುರ್ ಪಾಡಾದಲ್ಲಿ ಚುನಾವಣೆ ಬಂದಾಗ ಗೋಡೆ ಹಿಡಿಯುವುದೇ ಹೀಗೆ. ಮೊದಲು ಸುಣ್ಣ ಬಳಿದವರಿಗೆ ಗೋಡೆ. ಮತ ಬೀಳುವ ತನಕ ಇನ್ನೊಂದು ಪಕ್ಷದವರು ಅದನ್ನು ಮುಟ್ಟುವುದಿಲ್ಲ. ಮನೆಯವರನ್ನು ಕೇಳುವ ಪದ್ಧತಿ ಉಂಟು. ಕೇಳಿದ ಮೇಲೆ ಬೇಡ ಅನ್ನುವ ಪದ್ಧತಿ ಇಲ್ಲ. ನಮ್ಮದು ಬೀದಿಯ ಬಾಯಲ್ಲೇ ಇರುವ ಗೋಡೆ, ರೈಲಿಳಿದು ಬರುವವರೆಲ್ಲ ಓದಲೇಬೇಕು. ಅಪ್ಪ ಬದುಕಿದ್ದಷ್ಟು ಕಾಲ ಅದು ಗಂಟೆ ಗುರುತಿನ ಪಕ್ಷದ್ದು. ಅಪ್ಪ ಹೋದ ಮೇಲೂ ಅಭ್ಯಾಸದ ಮೇಲೆ ಅವರದ್ದೇ. ಈ ಸಲ ಕೊಡೆಯವರು ಬಂದಿದ್ದಾರೆ, ಅದೂ ಕೇಳದೆ.

ನನ್ನ ಹೆಂಡತಿ ಇರಾ ಹೊರಗೆ ಬಂದು ನೋಡಿದಳು. "ಒಳ್ಳೇದೇ ಆಯ್ತು ಬಿಡಿ. ಸುಣ್ಣ ಹೊಡೆಸಿ, ಸುಣ್ಣ ಹೊಡೆಸಿ ಅಂತ ಆರು ವರ್ಷದಿಂದ ಬಾಯಿ ಬಡ್ಕೋತಿದ್ದೆ. ನಿಮ್ಮ ಕಿವಿಗೆ ಬೀಳದ್ದು ಅವರ ಕಿವಿಗೆ ಬಿತ್ತು."

ಅಪ್ಪ ಕಟ್ಟಿದ ಗೋಡೆ, ಅದರ ಮೇಲೆ ಯಾರದೋ ಕೊಡೆ;
ಮಗ ಮಾತ್ರ ಬ್ರಷ್ಷು ಕಚ್ಚಿ ನಿಂತ ಬೀದಿ ಕಡೆ.

ಮಾರ್ಚ್ ೫

ಮಂಟು ಬಂದ. ಮೃಗಾಂಕ ಪಾಲಧಿ ಅನ್ನುವ ಅವನ ದೊಡ್ಡ ಹೆಸರು ಮತದಾರರ ಪಟ್ಟಿಗೆ ಮಾತ್ರ ಗೊತ್ತು. ಎದುರುಮನೆ, ಕೆಳಗೆ ಸೈಕಲ್ ಅಂಗಡಿ, ಮೇಲೆ ಸಂಸಾರ. ಈ ಪಾಡಾದಲ್ಲಿ ಗಂಟೆ ಪಕ್ಷ ಅಂದರೆ ಅವನೇ. ಸಭೆ ಕರೆಯುವವನೂ ಅವನೇ, ಚಾಪೆ ಹಾಸುವವನೂ ಅವನೇ, ಯಾರೂ ಬರದಿದ್ದರೆ ಮಡಿಸಿಡುವವನೂ ಅವನೇ.

"ಏನೋ ಪೋಟ್ಲಾ, ಗೋಡೇನ ಅವರಿಗೆ ಕೊಟ್ಬಿಟ್ಯಾ?" ಶಾಲೆಯ ದಿನಗಳಿಂದ ಅವನು ನನ್ನನ್ನು ಕರೆಯುವುದೇ ಹಾಗೆ.

"ನಾನೆಲ್ಲಿ ಕೊಟ್ಟೆ? ಅವರೇ ತಗೊಂಡರು."

"ಹೋಗ್ಲಿ ಬಿಡು, ನಾನು ಏಳೋದು ತಡ ಆಯ್ತು, ಅದು ನನ್ನ ತಪ್ಪು." ಅವನು ಸಿಟ್ಟಾಗಲಿಲ್ಲ. "ನಮ್ಮನೆ ಗೋಡೆ ಇದೆಯಲ್ಲ, ಅಲ್ಲಿ ಬರೀತೀನಿ. ನೀನೊಂದು ಪ್ರಾಸ ಕೊಡು. ನಂಗೆ ನಾಲ್ಕು ಪದ ಜೋಡಿಸೋದಕ್ಕಿಂತ ನಾಲ್ಕು ಟ್ಯೂಬಿಗೆ ಪ್ಯಾಚ್ ಹಾಕೋದು ಸುಲಭ."

ಮಂಡಕ್ಕಿ, ಬಿಸಿ ಬದನೆಕಾಯಿ ಬಜ್ಜಿ ತಿನ್ನುತ್ತ ಅಲ್ಲೇ ಕಟ್ಟಿಕೊಟ್ಟೆ:

ಬಿಸಿಲಿಗಾಗದು, ಮಳೆಗೂ ಆಗದು, ತೂತು ಬಿದ್ದ ಕೊಡೆ;
ಮರಳಿನ ಲಾರಿ ಎತ್ತ ಹೋದರೆ ಅತ್ತ ಅದರ ನಡೆ.

ಮರಳಿನ ಲಾರಿ ಅಂದರೆ ಸನತ್ ಹಾಲ್ದಾರ್. ಮರಳು-ಸಿಮೆಂಟು ಪೂರೈಸುವವನು. ಹೋದ ದುರ್ಗಾಪೂಜೆಯವರೆಗೆ ಗಂಟೆಯಲ್ಲಿದ್ದ, ಮೂರೇ ವಾರ ಕಳೆದು ಕಾಳಿಪೂಜೆಯ ಹೊತ್ತಿಗೆ ಕೊಡೆಯ ಕೆಳಗೆ ನಿಂತಿದ್ದ. ಮಂಟು ನಗುತ್ತ ನಗುತ್ತ ಬಜ್ಜಿ ನೆತ್ತಿಗೇರಿಸಿಕೊಂಡ. ಬೆನ್ನಿಗೆ ಗುದ್ದಿ ನೀರು ಕುಡಿಸಬೇಕಾಯಿತು.

ಮಾರ್ಚ್ ೧೧

ನಾನು ಯಾರಿಗೂ ಸೇರಿದವನಲ್ಲ ಅನ್ನುವುದಕ್ಕೆ ಇವತ್ತು ಪುರಾವೆ ಸಿಕ್ಕಿತು. ನನ್ನ ಹೋಮಿಯೋಪತಿ ಅಂಗಡಿಗೆ ಸನತ್ ಹಾಲ್ದಾರನೇ ಬಂದ. ಹಿಂದೆ ಇಬ್ಬರು ಹುಡುಗರು. ಕೆಮ್ಮಿಗೆ ಗುಳಿಗೆ ಕೇಳುತ್ತಾನೇನೋ ಅಂದುಕೊಂಡೆ.

"ಪ್ರದೋಷ್ ಬಾಬು, ನಿಮ್ಮ ಗೋಡೆ ಮೇಲೆ ಬರಿಯೋದು, ನಿಮ್ಮದೇ ಪದ್ಯ ಇರದಿದ್ರೆ ಪಾಡಾಗೇ ಅವಮಾನ ಅಲ್ವಾ? ಏನಾದ್ರೂ ತಮಾಷೆಯಾಗಿ, ಗಂಟೆಯೋರಿಗೆ ಮುಟ್ಟೋ ಹಾಗೆ. ಒರಟಾಗಿ ಬೇಡಪ್ಪ, ನಾವು ಸಭ್ಯರು."

ತಕ್ಷಣ ಹೊಳೆದದ್ದು ನಮ್ಮ ಶಾಲೆಯ ಹಳೇ ಪದ್ಯ. ನಾಲ್ಕನೇ ತರಗತಿಯಲ್ಲಿ ಗಂಟೆ ಬಾರಿಸುವ ಕೆಲಸ ಮಂಟುವಿನದು. ಕೊನೆಯ ಪಾಠದಲ್ಲಿ ಅವನೆದ್ದು ಹೊರಗೆ ಹೋದ ತಕ್ಷಣ ನಾವೆಲ್ಲ ಬೆಂಚು ಬಡಿಯುತ್ತ ಹೇಳುತ್ತಿದ್ದೆವು. ಕಟ್ಟಿದವನು ನಾನು, ನನ್ನ ಮೊದಲ ಕೃತಿ:

ಗಂಟೆ ಮಂಟು, ಗಂಟೆ ಮಂಟು, ಗಂಟೆ ಎಷ್ಟಾಯ್ತು?
ಚೀಲ ಕಟ್ಟು, ಚಪ್ಪಲಿ ಮೆಟ್ಟು, ಮನೆಗೆ ಹೊತ್ತಾಯ್ತು!

ಒಂದಕ್ಷರ ಬದಲಿಸುವ ಅಗತ್ಯವೂ ಬೀಳಲಿಲ್ಲ. ಹಾಲ್ದಾರ್ ಎರಡು ಸಲ ಹೇಳಿಸಿಕೊಂಡ. ಎರಡನೇ ಸಲ ತೊಡೆಯ ಮೇಲೆ ತಾಳ ಹಾಕಿದ.

ಸಂಜೆ ಗೋಡೆಯ ಮೇಲೆ ಬರೆದಾಗ ಮಂಟು ಅಂಗಡಿಯಿಂದೆದ್ದು ಬಂದು, ಸೊಂಟದ ಮೇಲೆ ಕೈಯಿಟ್ಟು, ಗಟ್ಟಿಯಾಗಿ ಓದಿದ. "ಲೋ ಪೋಟ್ಲಾ, ಇದು ನಮ್ಮ ಶಾಲೇದು! ಕಳ್ಳ ನನ್ಮಗನೆ, ಹಳೇ ಮಾಲು ಮಾರ್ತೀಯಲ್ಲೋ!" ಕೊಡೆಯ ಹುಡುಗರೂ ನಕ್ಕರು. ಬಣ್ಣದ ಡಬ್ಬಿ ಇಡಲು ಮಂಟುವೇ ಸ್ಟೂಲು ತಂದುಕೊಟ್ಟ.

ಬೀದಿಯ ಈ ಕಡೆ ಒಂದು ಪದ್ಯ, ಆ ಕಡೆ ಒಂದು. ಎರಡೂ ನನ್ನವೇ. ಯಾರು ಗೆದ್ದರೂ ಗೆದ್ದ ಪದ್ಯ ನನ್ನದು!

ಏಪ್ರಿಲ್ ೧೫

ನಮ್ಮ ಬಂಗಾಳಿ ಹೊಸ ವರ್ಷದ ಪಾಯಸ. ಮಂಟುವಿನ ಹೆಂಡತಿ ಕೇತಕಿ, ನನಗೆ ಬೌದಿ, ಅಂದರೆ ಅತ್ತಿಗೆ, ಬಟ್ಟಲು ತಂದುಕೊಟ್ಟು, "ದಾದಾ, ನಿಮ್ಮ ಬೀದಿ ಮದುವೆಮನೆ ಆಗಿದೆ ನೋಡಿ" ಅಂದರು. ನಿಜ. ಕಂಬದಿಂದ ಕಂಬಕ್ಕೆ ಗಂಟೆಯವರ ಹಳದಿ ಪತಾಕೆಯ ಸರ, ಅದರ ಮೇಲೊಂದು ಕೊಡೆಯವರ ನೀಲಿ ಸರ, ಅದಕ್ಕಿಂತ ಮೇಲೆ ಮತ್ತೆ ಹಳದಿ. ದಿನಾ ಒಂದೊಂದು ಗೇಣು ಮೇಲಕ್ಕೆ ಹೋಗುತ್ತಿವೆ. ಹೀಗೇ ಆದರೆ ಮತದಾನದ ಹೊತ್ತಿಗೆ ಆಕಾಶವನ್ನೂ ಯಾರೋ ಒಬ್ಬರು ಹಿಡಿದುಕೊಳ್ಳುತ್ತಾರೆ.

ಏಪ್ರಿಲ್ ೨೭

ಮತ ಹಾಕಿದೆ. ಯಾರಿಗೆ ಅಂತ ಇಲ್ಲೂ ಬರೆಯುವುದಿಲ್ಲ. ಇರಾ ಕೇಳಿದಾಗ ಪ್ರಾಸದಲ್ಲಿ ಜಾರಿಕೊಂಡೆ.

ಮೇ ೪

ಮೂರು ಸಲ ಬರೆದು ಹೊಡೆದುಹಾಕಿದೆ. ಅಕ್ಷರ ನನ್ನದಲ್ಲ ಅನ್ನಿಸುತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಕೊಡೆ ಗೆದ್ದಾಗಿತ್ತು. ಊಟ ಮುಗಿಸಿ ಕೈ ತೊಳೆಯುವಾಗ ಮೆರವಣಿಗೆ ನಮ್ಮ ಬೀದಿಗೆ ಬಂತು. ಮುಖಕ್ಕೆಲ್ಲ ನೀಲಿ ಪುಡಿ. ಮೊದಲು ಯಾರ ಗುರುತೂ ಸಿಗಲಿಲ್ಲ. ಆಮೇಲೆ ಒಬ್ಬೊಬ್ಬರದೇ ಸಿಕ್ಕಿತು: ಮೀನಿನ ಅಂಗಡಿಯವನು, ಇಸ್ತ್ರಿಯವನು, ನನ್ನ ಹತ್ತಿರ ಗಂಟಲುನೋವಿಗೆ ಗುಳಿಗೆ ಒಯ್ದಿದ್ದ ಹುಡುಗರು. ಗುರುತು ಸಿಕ್ಕ ಮೇಲೆ ಭಯ ಹೆಚ್ಚಾಯಿತು.

ಮಂಟುವಿನ ಮನೆ ಮುಂದೆ ನಿಂತರು. ಅವನ ಗೋಡೆಯ ಮೇಲಿನ 'ತೂತು ಬಿದ್ದ ಕೊಡೆ'ಯನ್ನು ಒಬ್ಬ ಜೋರಾಗಿ ಓದಿದ. ಹಾಲ್ದಾರ್ ಜೀಪಿನಲ್ಲೇ ಕೂತಿದ್ದ. 'ಮರಳಿನ ಲಾರಿ' ಬಂದಾಗ ಕತ್ತು ತಿರುಗಿಸಿದ.

"ಯಾರೋ ಬರ್ದಿದ್ದು ಇದನ್ನ? ಹೊರಗೆ ಬಾರೋ!"

ಮಂಟು ಬನಿಯನ್ನಿನಲ್ಲೇ, ಬರಿಗಾಲಲ್ಲಿ ಹೊರಗೆ ಬಂದ. ನಾನು ನಮ್ಮ ಗೇಟಿನ ಒಳಗೆ, ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದೆ. ನಡುವೆ ಬೀದಿಯೊಂದೇ. ಅವನು ನನ್ನನ್ನು ನೋಡಿದ. ಆಮೇಲೆ ಅವರ ಕಡೆ ತಿರುಗಿ, "ನಾನೇ" ಅಂದ.

"ನೀನಾ? ನಿಂಗೆ ಪ್ರಾಸ ಬೇರೆ ಬರುತ್ತೇನೋ?"

"ಬರುತ್ತೆ. ಈ ವರ್ಷ ಕಲ್ತೆ."

ಯಾರೋ ನಕ್ಕರು. ಇನ್ಯಾರೋ ಹೊಡೆದರು. ಹೊಡೆದ ಸದ್ದು ಇಷ್ಟು ಸಣ್ಣದಾಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿದ್ದ ಸೈಕಲ್ಲುಗಳನ್ನು ಒಂದೊಂದಾಗಿ ತಂದು ಕೊಳಕ್ಕೆ ಎಸೆದರು. ಒಂದರ ಹಿಂದಿನ ಚಕ್ರ ಮುಳುಗುವ ತನಕ ತಿರುಗುತ್ತಲೇ ಇತ್ತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಧ್ವನಿವರ್ಧಕ ಶುರುವಾಯಿತು.

ಆಮೇಲೆ ಪದ್ಯ. ನನ್ನದು. ಒಬ್ಬ ನಮ್ಮ ಗೋಡೆ ನೋಡಿಕೊಂಡು ಶುರುಮಾಡಿದ, ಉಳಿದವರು ಹಿಡಿದುಕೊಂಡರು. ಗಂಟೆ ಮಂಟು, ಗಂಟೆ ಮಂಟು. ಅಷ್ಟು ಜನ, ಆದರೂ ಎಲ್ಲೂ ಲಯ ತಪ್ಪಲಿಲ್ಲ. 'ಚೀಲ ಕಟ್ಟು' ಅಂದಾಗ ಒಬ್ಬ ಒಳಗೆ ನುಗ್ಗಿ ಒಂದು ಸಂತೆಚೀಲ ತಂದು ಎಸೆದ. 'ಚಪ್ಪಲಿ ಮೆಟ್ಟು' ಅಂದಾಗ ಇನ್ನೊಬ್ಬ ಚಪ್ಪಲಿ ಎಸೆದು, "ಮೆಟ್ಕೊಳ್ಳೋ, ಪದ್ಯದಲ್ಲಿ ಹೇಳಿದೆಯಲ್ಲ!" ಅಂದ. ಮಂಟು ಮೆಟ್ಟಿಕೊಂಡ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹಾಗೇ ಸ್ಟೇಷನ್ ಕಡೆ ನಡೆದ.

'ಮನೆಗೆ ಹೊತ್ತಾಯ್ತು' ಅನ್ನುತ್ತಲೇ ಇದ್ದರು. ಅವನು ಮನೆಯಲ್ಲೇ ಇದ್ದನಲ್ಲ!

ಮೇ ೫

ಹಳದಿ ಬಣ್ಣ ಎಲ್ಲಿಗೆ ಹೋಯಿತು? ನಿನ್ನೆ ಬೆಳಿಗ್ಗೆ ಇದ್ದದ್ದು, ಅಷ್ಟು ಬಟ್ಟೆ, ಅಷ್ಟು ಹಗ್ಗ. ಕಂಬದಲ್ಲಿ, ಹೊಸಿಲಲ್ಲಿ, ರಿಕ್ಷಾದ ಹಿಡಿಯಲ್ಲಿ ಎಲ್ಲಾ ನೀಲಿ. ಗಂಟೆ ಪಕ್ಷದ ಕೋಣೆಗೆ ಬಣ್ಣ ಬಳಿದಾಗಿದೆ. ಎದುರಿನ ನಾಲ್ಕನೇ ಮನೆಯ ಮುದುಕ ನಿನ್ನೆಯವರೆಗೆ ಹಳದಿ ಟೋಪಿ ಹಾಕುತ್ತಿದ್ದವನು, ಇವತ್ತು ನೀಲಿ ಟೋಪಿಯಲ್ಲಿ ಹಾಲು ತರಲು ಹೋದ. ಎಲ್ಲರ ಮನೆಯಲ್ಲೂ ಎರಡೂ ಬಣ್ಣ ಮಡಿಸಿಟ್ಟೇ ಇತ್ತೇ?

ಮಂಟುವಿನ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ನೆಲ ಅಗೆದು ಕೊಡೆಯ ಬಾವುಟ ನೆಟ್ಟಿದ್ದಾರೆ. ನೆಟ್ಟವರೇ ಕಿತ್ತರೆ ಉಂಟು, ಇಲ್ಲದಿದ್ದರೆ ಆ ಬಾಗಿಲು ತೆರೆಯುವ ಹಾಗಿಲ್ಲ.

ನಮ್ಮ ಹಜಾರದಲ್ಲಿ ಗಂಟೆಯ ಚಿತ್ರವಿದ್ದ ಕ್ಯಾಲೆಂಡರು ನೇತಾಡುತ್ತಿತ್ತು. ತೆಗೆದೆ. ಹೇಗೂ ತಿಂಗಳ ಹಾಳೆ ಹರಿದಿತ್ತು.

ಪ್ರಾಸ ಬರೆಯಲು ಮನಸ್ಸಿಲ್ಲ.

ಮೇ ೯

ಕೇತಕಿ ಬೌದಿ ಮನೆಗೆ ಬೀಗ ಹಾಕಿ ಕಾಟ್ವಾ ಊರಿನಲ್ಲಿರುವ ಅಣ್ಣನ ಮನೆಗೆ ಹೊರಟರು. ಮಂಟು ಅಲ್ಲೇ ಇದ್ದಾನಂತೆ. ಬೀಗದ ಕೈ ನನ್ನ ಕೈಗೆ ಕೊಟ್ಟು, "ತುಳಸಿಗೆ ಎರಡು ಚೊಂಬು ನೀರು, ದಾದಾ, ಅಷ್ಟೇ" ಅಂದರು. ಇರಾ ಅವರನ್ನು ಸ್ಟೇಷನ್ನಿಗೆ ಬಿಟ್ಟುಬರಲು ಹೋದಳು. ಬಂದವಳೇ ಹೋಗಿ ಮಲಗಿಬಿಟ್ಟಳು. ಬಿಸಿಲು ಬಡಿದಿರಬೇಕು.

ಮೇ ೨೮

ಇಪ್ಪತ್ತು ದಿನ ಬರೆದಿಲ್ಲ. ಬರೆಯುವಂಥದ್ದು ಏನೂ ನಡೆದಿಲ್ಲ. ನೀರು ಹಾಕುತ್ತಿದ್ದೇನೆ.

ಇರಾ ಪಕ್ಕದ ಕೋಣೆಯಲ್ಲಿ ಮಲಗುತ್ತಾಳೆ. ನಮ್ಮ ಕೋಣೆಯ ಫ್ಯಾನಿನ ಸದ್ದು ಆಗುವುದಿಲ್ಲವಂತೆ. ಎಣ್ಣೆ ಬಿಟ್ಟೆ. ಈಗ ಸದ್ದಿಲ್ಲ. ಅವಳು ಅಲ್ಲೇ ಮಲಗುತ್ತಾಳೆ.

ಜೂನ್ ೧೪

ಕೇತಕಿ ಬೌದಿ ಬಂದಿದ್ದರು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, ನಿಂತೇ ಮಾತಾಡಿದರು.

"ಸನತ್ ಬಾಬು ಹತ್ರ ಹೋಗಿದ್ದೆ. 'ಮನೆಗೆ ಬರೋಕೆ ನಾವೇನು ಬೇಡ ಅಂದ್ವಾ? ಬರೆದೋನು ಪಾಡಾದ ಕ್ಲಬ್ಬಲ್ಲಿ ನಾಲ್ಕು ಜನರ ಮುಂದೆ ತಪ್ಪಾಯ್ತು ಅನ್ಲಿ, ಬಾವುಟ ನಾವೇ ಕೀಳ್ತೀವಿ' ಅಂದ್ರು."

"ಹಾಗಾದರೆ ಮಂಟು ಅಂದುಬಿಡಲಿ ಬೌದಿ. ಎರಡು ಪದ ತಾನೇ?"

ಅವರು ನನ್ನನ್ನೇ ನೋಡಿದರು. "ಅವರು ಅಂತಾರೆ, ನಾನು ಬರೀದೇ ಇರೋದಕ್ಕೆ ಹೊಡೆಸ್ಕೊಂಡಾಯ್ತು, ಇನ್ನು ತಪ್ಪಾಯ್ತು ಬೇರೆ ಅನ್ಲಾ ಅಂತ. ನಿಮ್ಮ ಹೆಸರು ಯಾರ ಹತ್ರಾನೂ ಹೇಳಿಲ್ಲ ದಾದಾ. ನನ್ನ ಅಣ್ಣನ ಹತ್ರಾನೂ ಹೇಳಿಲ್ಲ. ನೀವೇ ಒಂದು ಮಾತು ಹೇಳಿದ್ರೆ... ನೀವು ಪದ್ಯ ಬರೆಯೋರು, ತಮಾಷೆಗೆ ಬರೆದೆ ಅಂದ್ರೆ ನಿಮ್ಮನ್ನ ಏನೂ ಅನ್ನಲ್ಲ. ನಮ್ಮನೆಯವರಿಗೆ ಅಲ್ಲಿ ಯಾರದೋ ಸೈಕಲ್ ಅಂಗಡೀಲಿ ಕೂಲಿ ಕೆಲಸ. ರಾತ್ರಿ ಊಟಕ್ಕೆ ಕರೆದ್ರೆ 'ಇಲ್ಲಿ ಎಷ್ಟು ದಿನ' ಅಂತಾರೆ, ಊಟ ಮಾಡಲ್ಲ."

ನೋಡುತ್ತೇನೆ ಅಂದೆ. ಖಂಡಿತ ಹೋಗುತ್ತೇನೆ. ಈ ವಾರದಲ್ಲೇ.

ಒಳಗಿನಿಂದ ಇರಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಯಾವಾಗ ಹೋಗ್ತೀರಿ?" ಅಂದಳು. ಹೊತ್ತು ನೋಡಿ ಹೋಗಬೇಕಲ್ಲ ಅಂದೆ. "ಹೌದು ಪಾಪ. ಹೊತ್ತು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು" ಅಂದಳು.

ಜುಲೈ ೬

ಇವತ್ತು ಹೋದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. 'ಆ ಕೊಡೆಯ ಪದ್ಯ ನನ್ನದು. ತಮಾಷೆಗೆ ಕಟ್ಟಿದ್ದು. ಮಂಟುವಿನದೇನೂ ತಪ್ಪಿಲ್ಲ.' ಮೂರೇ ವಾಕ್ಯ.

ಕ್ಲಬ್ಬಿನಲ್ಲಿ ಸನತ್ ದಾ ಎದ್ದು ಬಂದು ಕುರ್ಚಿ ಎಳೆದು ಕೂರಿಸಿದರು. ಟೀ ತರಿಸಿದರು, ಜತೆಗೆ ಬಿಸ್ಕತ್ತು. ಸುತ್ತ ಆ ಹುಡುಗರೇ. ಒಬ್ಬ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವತ್ತು ಚಪ್ಪಲಿ ಎಸೆದವನು ಇವನೇ ಅಂತ ಆಮೇಲೆ ಹೊಳೆಯಿತು. ಅಷ್ಟು ಹೊತ್ತಿಗೆ ತಲೆಯ ಮೇಲೆ ಕೈಯಿಟ್ಟು ಹರಸಿಯಾಗಿತ್ತು.

"ಸನತ್ ದಾ, ಆ ಕೊಡೆ ಪದ್ಯ..." ಅಂದೆ.

ಅವರು ಟೀ ಲೋಟ ಕೆಳಗಿಟ್ಟರು. "ಯಾವ ಕೊಡೆ ಪದ್ಯ?"

ಕೇಳಿದ್ದು ಮೆತ್ತಗೇ. ಹುಡುಗರ ಮಾತು ನಿಂತಿತು, ಅಷ್ಟೇ.

"ಕೊಡೆಯ ಮೇಲೆ... ಹೊಸದೊಂದು ಬರೆಯೋಣ ಅಂತಿದ್ದೆ."

"ಅರೆ, ನಾನೇ ಕರೆ ಕಳಿಸೋಣ ಅಂತಿದ್ದೆ! ಕೊಡೆ ಈಗ ಬೇಡ ಪ್ರದೋಷ್ ದಾ, ಗೆದ್ದಾಯ್ತಲ್ಲ. ಆಗಸ್ಟ್ ಹದಿನೈದಕ್ಕೆ ಕಮಾನು ಹಾಕ್ತಿದೀವಿ. ಈ ಸಲ ಒಂದು ಮನೇನೂ ಬಿಡದ ಹಾಗೆ ದೇಶದ ಬಾವುಟ. ಕಮಾನಿನ ಮೇಲೆ ನಿಮ್ಮ ಎರಡು ಸಾಲು."

ಒಪ್ಪಿಕೊಂಡೆ. ದೇಶದ ವಿಷಯ, ಅದರಲ್ಲಿ ಪಕ್ಷ ಎಲ್ಲಿ ಬಂತು? ಅದೂ ಅಲ್ಲದೆ ಒಳ್ಳೆಯ ಸಂಬಂಧ ಇದ್ದರೆ ಎದುರುಮನೆ ಪಾಲಧಿಯ ವಿಷಯ ಮುಂದೆ ಹೇಳಲು ಅನುಕೂಲ. ಇದು ನನ್ನ ಲೆಕ್ಕ. ಇರಾಗೆ ವಿವರಿಸಿದೆ. ಅವಳು ಮೀನು ಹೆಚ್ಚುತ್ತಿದ್ದಳು, ಹೆಚ್ಚುತ್ತಲೇ ಇದ್ದಳು.

ಆಗಸ್ಟ್ ೨

ಕಮಾನಿನ ಸಾಲು ಕೂಡಿಬಂತು:

ಮನೆಮನೆಯಲ್ಲೂ ಬಾವುಟ, ಮನಮನದಲ್ಲೂ ನಾಡು;
ಒಂದೇ ಬೀದಿ, ಒಂದೇ ಬಳ್ಳಿ, ಒಂದೇ ನಮ್ಮ ಹಾಡು.

ಸಾಧಾರಣ. ಆದರೆ ಯಾರಿಗೂ ನೋವಾಗುವುದಿಲ್ಲ. ಸನತ್ ದಾ ಮೆಚ್ಚಿಕೊಂಡರು. ನಮ್ಮ ಗೋಡೆಯ ಹಳೇ ಪದ್ಯ ಇನ್ನೂ ಹಾಗೇ ಇದೆ. ಸುಣ್ಣ ಹೊಡೆದು ಮುಚ್ಚಬಹುದಿತ್ತು, ಮತದಾನ ಮುಗಿದಿದೆ, ಗೋಡೆ ನನ್ನದೇ. ಮಳೆಗಾಲ ಮುಗಿಯಲಿ. ಈಗ ಹೊಡೆದರೆ ನಿಲ್ಲುವುದಿಲ್ಲ.

ಕಾಟ್ವಾದಿಂದ ಎರಡು ಸಲ ಫೋನು ಬಂದಿತ್ತು. ಅಂಗಡಿಯಲ್ಲಿ ರೋಗಿಗಳಿದ್ದರು.

ಆಗಸ್ಟ್ ೧೩

ಕ್ಲಬ್ಬಿನಿಂದ ಬಾವುಟ ಹಂಚಿದರು. ಕೇಸರಿ, ಬಿಳಿ, ಹಸಿರು, ಎಲ್ಲ ಸರಿಯಾಗಿದೆ. ಕೋಲಿನ ಬುಡದಲ್ಲಿ ಮಾತ್ರ ಒಂದು ಸಣ್ಣ ನೀಲಿ ಕೊಡೆಯ ಚೀಟಿ. ಹತ್ತಿರ ಹೋಗಿ ನೋಡಿದರೆ ಮಾತ್ರ ಕಾಣುತ್ತದೆ.

ಹೋದ ವರ್ಷದವರೆಗೆ ಹದಿನೈದರಂದು ಕ್ಲಬ್ಬಿನ ಮೈದಾನದಲ್ಲಿ ಧ್ವಜ ಕಟ್ಟಿ, ಒಳಗೆ ಹೂವಿನ ದಳ ತುಂಬಿಸಿಡುತ್ತಿದ್ದುದು ಎದುರುಮನೆಯವರು. ಹಗ್ಗ ಎಳೆದ ತಕ್ಷಣ ದಳ ಉದುರಬೇಕು, ಮಕ್ಕಳು ಕಿರುಚಬೇಕು. ಈ ವರ್ಷ ಯಾರು ಕಟ್ಟುತ್ತಾರೆ ಅಂತ ಮಾತು ಬಂತು. ನಾನೇ ಕಟ್ಟುತ್ತೇನೆ ಅಂದೆ. ನೋಡಿ ನೋಡಿ ಗೊತ್ತಿದೆ.

ಆಗಸ್ಟ್ ೧೪

ಸನತ್ ದಾ ಬೀದಿಯುದ್ದಕ್ಕೂ ನಡೆದು ನೋಡಿದರು. ಎದುರುಮನೆಯ ಹತ್ತಿರ ನಿಂತರು. "ಇದೊಂದು ಬೋಳಾಗಿ ಕಾಣ್ತಿದೆಯಲ್ಲ. ಸಾಲು ಹಲ್ಲಿನಲ್ಲಿ ಒಂದು ಉದುರಿದ ಹಾಗೆ. ಬೀಗದ ಕೈ ನಿಮ್ಮ ಹತ್ರ ಇದೆ ಅಲ್ವಾ ಪ್ರದೋಷ್ ದಾ?"

ಅವರಿಗೆ ಹೇಗೆ ಗೊತ್ತಾಯಿತೋ.

ಹೋಗಿ ಮೇಲಿನ ಬಾಲ್ಕನಿಯ ಸರಳಿಗೆ ಕಟ್ಟಿ ಬಂದೆ. ಒಳಗೆ ಮುಗ್ಗಲು ವಾಸನೆ. ಊಟದ ತಟ್ಟೆ ಒಂದು ಮೇಜಿನ ಮೇಲೇ ಇತ್ತು, ಮೇ ತಿಂಗಳಿನದು. ತುಳಸಿ ಒಣಗಿದೆ, ಇಷ್ಟು ಮಳೆಯಲ್ಲೂ! ಸೂರಿನ ಕೆಳಗೆ ಇಟ್ಟದ್ದು ಅವರ ತಪ್ಪು, ನೀರು ಬೀಳಬೇಕಾದರೂ ಎಲ್ಲಿಂದ?

ಮನೆಗೆ ಬಂದಾಗ ಇರಾ ಬಾಗಿಲಲ್ಲಿ ನಿಂತು ಆ ಬಾವುಟವನ್ನೇ ನೋಡುತ್ತಿದ್ದಳು. ಚೆನ್ನಾಗಿ ಕಾಣುತ್ತದಲ್ಲ ಅಂದೆ. "ನಾಳೆ ನಾನು ಅಮ್ಮನ ಮನೆಗೆ ಹೋಗ್ತೀನಿ" ಅಂದಳು. ರಜೆ ಇದೆ, ಹೋಗಿಬರಲಿ.

ಆಗಸ್ಟ್ ೧೫

ಧ್ವಜಾರೋಹಣ ಚೆನ್ನಾಗಿ ಆಯಿತು. ಹಗ್ಗ ಮೊದಲ ಎಳೆತಕ್ಕೆ ಬಿಚ್ಚಿಕೊಳ್ಳಲಿಲ್ಲ. ಸನತ್ ದಾ ಮೂರು ಸಲ ಎಳೆದರು, ಆಮೇಲೆ ಒಬ್ಬ ಕಂಬ ಹತ್ತಿ ಬಿಚ್ಚಿದ. ದಳಗಳು ಒಟ್ಟಿಗೇ ಮುದ್ದೆಯಾಗಿ ಬಿದ್ದವು. ಮಕ್ಕಳು ಹಾಗೂ ಕಿರುಚಿದರು. ಕಮಾನಿನ ಸಾಲುಗಳನ್ನು ಎಲ್ಲರ ಕೈಲಿ ಹೇಳಿಸಿದರು. ಜಿಲೇಬಿ ಕೊಟ್ಟರು. ಬೀದಿಯ ಫೋಟೋ ತೆಗೆದು ಪಾಡಾದ ವಾಟ್ಸಾಪ್ ಗುಂಪಿಗೆ ಹಾಕಿದರು, ಒಂದು ಮನೆಯೂ ಬೋಳಾಗಿಲ್ಲ.

ಮನೆಗೆ ಬಂದು ಕೂತಿದ್ದೆ. ಇರಾ ಬೆಳಿಗ್ಗೆಯೇ ಹೋಗಿದ್ದಳು. ಫೋನು ಬಂತು. ನಂಬರು ನೋಡದೆ ಎತ್ತಿದೆ.

"ಪೋಟ್ಲಾ."

"ಹೇಳು."

"ಫೋಟೋ ನೋಡ್ದೆ. ನಮ್ಮನೆ ಮೇಲೆ ಬಾವುಟ. ಯಾರು ಕಟ್ಟಿದ್ದು?"

"ಕ್ಲಬ್ಬಿನವರು."

"ಓ." ಹಿಂದೆ ಯಾರೋ ಸೈಕಲ್ ಚಕ್ರ ತಿರುಗಿಸುತ್ತಿದ್ದ ಸದ್ದು, ಕಡ್ಡಿಗೆ ಕಡ್ಡಿ ತಾಗುವ ಸದ್ದು. "ಚೆನ್ನಾಗಿದೆ. ನಿಮ್ಮ ಗೋಡೆ ಮೇಲಿನ ಪದ್ಯಾನೂ ಕಾಣ್ತಿದೆ ಫೋಟೋದಲ್ಲಿ, ಇನ್ನೂ ಅಳಿಸಿಲ್ಲ."

"ಮಳೆಗಾಲ..."

"ಹೌದು ಹೌದು, ಮಳೆಗಾಲ." ಹಿಂದಿನ ಚಕ್ರದ ಸದ್ದು ನಿಂತಿತು. ಆಮೇಲೆ ಅವನು ಕೇಳಿದ, ಬೆಂಚು ಬಡಿಯುವಾಗಿನ ಅದೇ ರಾಗದಲ್ಲಿ, ಆದರೆ ತುಂಬ ಮೆಲ್ಲಗೆ: "ಪೋಟ್ಲಾ, ಗಂಟೆ ಎಷ್ಟಾಯ್ತು?"

ಗೋಡೆ ಗಡಿಯಾರ ನೋಡಿ ಹೇಳಿದೆ: "ಹನ್ನೊಂದೂ ಕಾಲು."

ಅವನು "ಸರಿ" ಅಂದು ಇಟ್ಟ.

ಆಮೇಲೆ ರೇಡಿಯೊ ಹಾಕಿ ಹೊಂದಿಸಿ ನೋಡಿದೆ. ಗಡಿಯಾರ ಎರಡು ನಿಮಿಷ ಮುಂದಿತ್ತು. ಸರಿ ಮಾಡಿಟ್ಟೆ.